ಮೂತ್ರಪಿಂಡಗಳೂ ಅವುಗಳ ರಕ್ಷಣೆಯೂ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಉದ್ಯಾನಗಳಲ್ಲಿ ಪ್ರಾತಃಕಾಲ ಸಂಚರಿಸುವ ಹಿರಿಯರ ಸಂಭಾಷಣೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತು ಮೇಲಿಂದ ಮೇಲೆ ಕೇಳಿಬರುವುದು. ಆದರೆ ಈ ಎರಡು ರೋಗಗಳಿಂದಲೇ ಬಹುಮಟ್ಟಿಗೆ ಕೆಡುವ ಮೂತ್ರಪಿಂಡಗಳ ಮಾತನ್ನೆತ್ತುವವರು ವಿರಳ. ಅದಕ್ಕೆ ಕಾರಣವೂ ಉಂಟು: ಈ ಅಂಗಗಳು ತಮ್ಮ ಕಷ್ಟವನ್ನು ಬೇಗನೆ ಹೇಳಿಕೊಳ್ಳುವುದಿಲ್ಲ.

ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಆಶ್ರಯದಲ್ಲಿ ಮೂತ್ರಪಿಂಡಗಳಿರುವುವು. ಆಕಾರ ಗೋಡಂಬಿಯಂತೆ ಬಾಗಿರುವುದು, ಗಾತ್ರ ಮುಷ್ಟಿಯಷ್ಟು, ತೂಕ ಒಂದೊಂದು ಸುಮಾರು 150 ಗ್ರಾಂ. ಒಂದೊಂದರಲ್ಲಿಯೂ ನೆಫ್ರಾನ್ ಎಂಬ ಸೂಕ್ಷ್ಮ ಜರಡಿಗಳು ಸುಮಾರು 10 ಲಕ್ಷವಿರುವುವು. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವು ಇವುಗಳಲ್ಲಿ ಸೋಸಿಹೋಗುವುದು. ಅಷ್ಟೂ ಹೊರಟುಹೋದರೆ ಮನುಷ್ಯನು ಬದುಕಲಾರನು. ಆದಕಾರಣ ನೀರು, ಸಕ್ಕರೆ, ಬೇಕಾದ ಲವಣಗಳು ಮರಳಿ ರಕ್ತವನ್ನು ಸೇರುವುವು. ಕಲ್ಮಷದೊಡನೆ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುವುದು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದೂ, ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರೇರಣೆ ಕೊಡುವುದೂ ಇವುಗಳ ಕೆಲಸವೇ.

ಮೂತ್ರಪಿಂಡದ ಕೆಲವು ಉಪದ್ರವಗಳು ಕೂಗಿ ಹೇಳುವುವು. ಕಲ್ಲು ಕೆಳಗಿಳಿಯತೊಡಗಿದರೆ ಪಕ್ಕೆಯಿಂದ ತೊಡೆಸಂದಿಯವರೆಗೆ ಅಸಹನೀಯವಾದ ನೋವು. ಸೋಂಕು ತಗುಲಿದರೆ ಚಳಿಜ್ವರ, ಉರಿಮೂತ್ರ. ಇವುಗಳಿಗೆ ಜನರು ತಾವಾಗಿಯೇ ವೈದ್ಯರಲ್ಲಿಗೆ ಧಾವಿಸುವರು. ಭಯಪಡಬೇಕಾದುದು ಮೌನವಾಗಿ ಬರುವ ರೋಗಕ್ಕೆ. ಸಕ್ಕರೆ ಕಾಯಿಲೆಯೂ ಏರಿದ ರಕ್ತದೊತ್ತಡವೂ ವರ್ಷಗಟ್ಟಲೆ ಜರಡಿಗಳನ್ನು ಸವೆಸುವುವು. ಪಾದ ಬಾತು, ಹಸಿವು ಅಡಗಿ, ಓಕರಿಕೆ ತೋರುವ ವೇಳೆಗೆ ಶಕ್ತಿಯ ಬಹುಭಾಗ ನಷ್ಟವಾಗಿರುವುದು.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿನೋವು. ಮೂಲೆಯ ಔಷಧದಂಗಡಿಯಿಂದ ಮೊಮ್ಮಗ ತಂದುಕೊಡುವ ನೋವಿನ ಮಾತ್ರೆಯನ್ನು ಆಕೆ ನಿತ್ಯವೂ ನುಂಗುವಳು. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ತಪ್ಪುವುದಿಲ್ಲ. ಯಾರೂ ಕೆಟ್ಟದ್ದನ್ನು ಬಯಸಿದವರಲ್ಲ. ಆದರೂ ಆ ಮಾತ್ರೆಗಳೂ ಮಿತಿಮೀರಿದ ಉಪ್ಪೂ ದಣಿದ ಅಂಗಕ್ಕೆ ಮತ್ತಷ್ಟು ಹೊರೆಯನ್ನು ಹೊರಿಸುವುವು. ನೋವಿನ ಮಾತ್ರೆಯನ್ನು ವೈದ್ಯರ ಅಪ್ಪಣೆಯಿಲ್ಲದೆ ನಿತ್ಯಸೇವನೆ ಮಾಡತಕ್ಕದ್ದಲ್ಲ. ದಿನದ ಉಪ್ಪು 5 ಗ್ರಾಮಿನೊಳಗೆ, ಅಂದರೆ ಒಂದು ಸಣ್ಣ ಚಮಚೆಯೊಳಗೆ, ಇರತಕ್ಕದ್ದು.

ಮೌನವನ್ನು ಒಡೆಯುವ ಉಪಾಯ ಸುಲಭವಾದುದೇ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಸಸಾರಜನಕವು ಸೋರುತ್ತಿದೆಯೇ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬ ಎರಡು ಪರೀಕ್ಷೆಗಳು ಸಾಕು. ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಸೋಸುವ ಪ್ರಮಾಣವು ಮೂರು ತಿಂಗಳ ಕಾಲ 60ಕ್ಕಿಂತ ಕಡಿಮೆಯಿದ್ದರೆ ಅದು ದೀರ್ಘಕಾಲದ ಮೂತ್ರಪಿಂಡ ರೋಗ. 15ಕ್ಕಿಂತ ಇಳಿದರೆ ವೈಫಲ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುವವರು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಗಳನ್ನು ಮಾಡಿಸತಕ್ಕದ್ದು. ಮೊದಲೇ ತಿಳಿದರೆ ಔಷಧ, ಪಥ್ಯಗಳಿಂದ ರೋಗದ ನಡೆಯನ್ನು ಬಹುಕಾಲ ನಿಧಾನಗೊಳಿಸಬಹುದು.

ತಡವಾದರೆ ಉಳಿಯುವ ದಾರಿಗಳು ಡಯಾಲಿಸಿಸ್ ಅಥವಾ ಮೂತ್ರಪಿಂಡದ ಕಸಿ. ಯಂತ್ರದಿಂದ ರಕ್ತವನ್ನು ಶುದ್ಧಿಮಾಡಿಸಲು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆಗಳ ಕಾಲ ಮಲಗಬೇಕಾಗುವುದು. ಆ ವೇಳೆಗೆ ರೋಗಿಯೊಡನೆ ಮನೆಯ ಮತ್ತೊಬ್ಬರ ದಿನವೂ ಕಳೆಯುವುದು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಈ ರೋಗಗಳಿಗೆಂದೇ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿರುವುದು ಬಡವರಿಗೆ ದೊಡ್ಡ ಆಸರೆ. ಆದರೂ ಆ ಬಾಗಿಲಿನವರೆಗೆ ಹೋಗದಿರುವುದೇ ಲೇಸಲ್ಲವೇ?

ಗೃಹಿಣಿಯರೇ, ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲು, ದಿನಸಿಗಳೊಡನೆ ಹಿರಿಯರ ಪರೀಕ್ಷೆಯ ತಾರೀಖನ್ನೂ ಬರೆದಿಡಿರಿ. ಕೇಳದೆ ದುಡಿಯುವವರ ಯೋಗಕ್ಷೇಮವನ್ನು ನಾವೇ ವಿಚಾರಿಸಬೇಕು.