ಶ್ರೇಣಿಯನ್ನರಿತು ಸಂದರ್ಶನಕ್ಕೆ

ಎಂಜಿನಿಯರಿಂಗ್ ಪದವಿಯತ್ತ ಸಾಗಿರುವ ನಮ್ಮ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಮೊದಲೇ ಅರಿತಿರುವುದು ಒಳಿತು. ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಹುದ್ದೆಗಳು ಮೆಟ್ಟಿಲುಗಳಂತೆ ಶ್ರೇಣೀಕೃತವಾಗಿವೆ. ಗೂಗಲ್ ಸಂಸ್ಥೆಯಲ್ಲಿ ಹೊಸ ಪದವೀಧರರ ಶ್ರೇಣಿ ಎಲ್ 3. ಹಿರಿಯ ಎಂಜಿನಿಯರರದು ಎಲ್ 5. ಅಮೆಜಾನ್‌ನಲ್ಲಾದರೋ ಹೊಸಬರ ಶ್ರೇಣಿಯೇ ಎಲ್ 4. ಆದುದರಿಂದ ಅಂಕೆಯನ್ನಷ್ಟೇ ನೋಡಿ ಹುದ್ದೆಗಳನ್ನು ಹೋಲಿಸುವುದು ಸಲ್ಲದು.

ಶ್ರೇಣಿ ಬದಲಾದಂತೆ ಸಂದರ್ಶನದ ಸ್ವರೂಪವೂ ಬದಲಾಗುತ್ತದೆ. ಹೊಸಬರಲ್ಲಿ ಮುಖ್ಯವಾಗಿ ಪರೀಕ್ಷಿಸುವುದು ದತ್ತಾಂಶ ರಚನೆ ಹಾಗೂ ಅಲ್ಗಾರಿದಮ್‌ಗಳ ಜ್ಞಾನವನ್ನು, ದೋಷವಿಲ್ಲದ ಪ್ರೋಗ್ರಾಂ ಬರೆಯುವ ಸಾಮರ್ಥ್ಯವನ್ನು. ಹಿರಿಯ ಹುದ್ದೆಗೆ ಬಂದವರನ್ನು ಲಕ್ಷಾಂತರ ಬಳಕೆದಾರರ ಭಾರವನ್ನು ತಾಳಬಲ್ಲ ವ್ಯವಸ್ಥೆಯ ವಿನ್ಯಾಸದ ಬಗೆಗೆ, ಸಹೋದ್ಯೋಗಿಗಳನ್ನು ಮುನ್ನಡೆಸಿದ ಅನುಭವದ ಬಗೆಗೆ ಕೇಳುತ್ತಾರೆ. ಪ್ರಶ್ನೆ ಒಂದೇ ಆದರೂ ಅಪೇಕ್ಷಿತ ಉತ್ತರದ ಆಳ ಬೇರೆ.

ಇದನ್ನರಿಯದ ತರುಣರು ಹಿರಿಯರಿಗೆಂದು ಬರೆದ ಮಾರ್ಗದರ್ಶಿಗಳಲ್ಲಿ ತಿಂಗಳುಗಳನ್ನು ಕಳೆದು, ಕಡೆಗೆ ಸರಳ ಪ್ರೋಗ್ರಾಮೊಂದನ್ನು ಬರೆಯುವಲ್ಲಿ ಎಡವುವುದುಂಟು. ಆದ್ದರಿಂದ ಸಂದರ್ಶನದ ಕರೆ ಬಂದೊಡನೆ, ಇದು ಯಾವ ಶ್ರೇಣಿಯ ಹುದ್ದೆ, ಯಾವ ಯಾವ ಸುತ್ತುಗಳಿರುತ್ತವೆ ಎಂದು ವಿನಯದಿಂದ ವಿಚಾರಿಸಬೇಕು. ಹಾಗೆ ಕೇಳುವುದು ಉದ್ಧಟತನವಲ್ಲ, ವಿವೇಕ. ಏರಬೇಕಾದ ಮೆಟ್ಟಿಲು ಯಾವುದೆಂದು ತಿಳಿದವನ ಶ್ರಮ ವ್ಯರ್ಥವಾಗದು.