ಓದಲಾಗದ ಕಡತದೊಳಗಿನ ಕನ್ನಡ

1998ರಲ್ಲಿ ‘ಬರಹ’ ತಂತ್ರಾಂಶ ಬಂದಿತು. ಮುಂದೆ ‘ನುಡಿ’ಯೂ ಜತೆಗೂಡಿತು. ನಮ್ಮ ಅನೇಕ ಲೇಖಕರು ಲೇಖನಿಯನ್ನು ಬದಿಗಿರಿಸಿ ಗಣಕದಲ್ಲಿ ಬರೆಯತೊಡಗಿದ ಕಾಲವದು. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಇನ್ನೂ ಬಳಕೆಗೆ ಇಳಿದಿರಲಿಲ್ಲ. ಆದುದರಿಂದ ಆಗಿನ ಫಾಂಟುಗಳು ಒಂದು ಉಪಾಯ ಹೂಡಿದವು: ರೋಮನ್ ಅಕ್ಷರಗಳ ಸಂಕೇತಸಂಖ್ಯೆಗಳಿಗೇ ಕನ್ನಡದ ರೂಪಗಳನ್ನು ತೊಡಿಸಿದವು. ಆ ಫಾಂಟು ಇಲ್ಲದ ಗಣಕದಲ್ಲಿ ವೇಷ ಕಳಚಿ, ಅರ್ಥವಿಲ್ಲದ ರೋಮನ್ ಸಾಲುಗಳಷ್ಟೇ ಉಳಿಯುತ್ತವೆ.

ದಿವಂಗತ ಮಿತ್ರರೊಬ್ಬರ ಅಪ್ರಕಟಿತ ಪ್ರಬಂಧಗಳು ಹೀಗೆಯೇ ನನ್ನ ಕೈಸೇರಿದವು. “ಕಡತ ಕೆಟ್ಟಿದೆ, ಅಳಿಸಿಬಿಡಲೇ ಮೇಷ್ಟ್ರೇ?” ಎಂದು ಅವರ ಮಗಳು ಕೇಳಿದ್ದಳು. ಕೆಟ್ಟಿರಲಿಲ್ಲ. ಎಷ್ಟು ಮನೆಗಳಲ್ಲಿ ಇಂಥವು ಈಗಾಗಲೇ ಅಳಿಸಿಹೋಗಿವೆಯೋ!

ಮೊದಲು ಕಡತದ ನಕಲನ್ನು ತೆಗೆದಿರಿಸಿ, ಮೂಲವನ್ನು ಮುಟ್ಟದಿರಬೇಕು. ಬಳಿಕ ಯಾವುದಾದರೊಂದು ಸಾಲನ್ನು ಆಯ್ದು ಫಾಂಟಿನ ಹೆಸರನ್ನು ನೋಡಬೇಕು. ಅದೇ ಫಾಂಟನ್ನು ಗಣಕದಲ್ಲಿ ಸ್ಥಾಪಿಸಿದರೆ ಕನ್ನಡ ಮರಳಿ ಮೂಡುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬಾರದು; ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದರೆ ಮಾತ್ರ ಅದು ಎಲ್ಲ ಗಣಕಗಳಲ್ಲಿಯೂ ಓದಿಸಿಕೊಳ್ಳುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ‘ಧರ್ಮ’ ಎಂದು ಬರೆಯುವಾಗ ನಾವು ಅರ್ಕಾವತ್ತನ್ನು ‘ಮ’ದ ಬಳಿಕ ಇಡುತ್ತೇವೆ. ಹಳೆಯ ಕಡತವೂ ಕೈಬರಹದ ಆ ಕ್ರಮವನ್ನೇ ಅನುಸರಿಸುತ್ತದೆ. ಯೂನಿಕೋಡಾದರೋ ಉಚ್ಚಾರಣೆಯಂತೆ ರೇಫವನ್ನು ಮೊದಲಿಡುತ್ತದೆ. ಈ ಸ್ಥಾನಪಲ್ಲಟದಲ್ಲಿ ಪರಿವರ್ತಕ ಎಡವಬಹುದು. ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲುಸಾಲಾಗಿ ಪರಿಶೀಲಿಸಬೇಕು. ನಡುವೆ ಬಂದ ಇಂಗ್ಲಿಷ್ ಪದಗಳೂ ಅದರ ಕೈಗೆ ಸಿಕ್ಕಿ ಅಸಂಬದ್ಧ ಕನ್ನಡವಾಗುವುದುಂಟು. ಮೂಲವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅವನ್ನು ಒಂದೊಂದಾಗಿ ತಿದ್ದಬೇಕಾಗುತ್ತದೆ.