ಗೇಟು ಮುಚ್ಚುವ ಮುಂಚೆ

ಸೋಲ್, ಹಾಂಗ್‌ಕಾಂಗ್‌ನಂಥ ನಗರಗಳ ಬೀದಿಯಲ್ಲಿ ಸಾವಿರ, ಲಕ್ಷಗಟ್ಟಲೆ ಜನ ನಿಂತದ್ದನ್ನು ಟೀವಿಯಲ್ಲಿ ಕಂಡಾಗ ಹೊಸೂರಿನ ಆಲಸನತ್ತಂನಂಥ ಬಡಾವಣೆಯಲ್ಲಿ ಏಳುವ ಪ್ರಶ್ನೆ ಒಂದೇ: 'ಹೊಟ್ಟೆಗೈತೆ, ಬಟ್ಟೆಗೈತೆ, ಇನ್ನ್ಯಾಕೆ ಬೀದಿಗೆ ಬಿದ್ದವ್ರೆ?' ತಮಿಳು, ತೆಲುಗು, ಕನ್ನಡ ಮೂರೂ ಆಡುವ, ಬೆಳಗಾದರೆ ಕಾರ್ಖಾನೆಯ ಪಾಳಿಗೋ ಬೆಂಗಳೂರು ಬಸ್ಸಿಗೋ ಓಡುವ ಊರಿಗೆ ಈ ಪ್ರಶ್ನೆ ಸಹಜ. ಉತ್ತರದ ಒಂದು ತುಂಡು ಕರ್ನಾಟಕ-ತಮಿಳುನಾಡಿನ ಅತ್ತಿಬೆಲೆ ಗಡಿಯ ಎರಡೂ ಬದಿಯಲ್ಲಿ ಬಿದ್ದಿದೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಆದೇಶಕ್ಕೆ ರಾಷ್ಟ್ರಪತಿ ಸಹಿ ಬಿತ್ತು. ದೆಹಲಿಯ ಪತ್ರಿಕಾ ಮುದ್ರಣಾಲಯಗಳ ಕರೆಂಟು ಹೋಯಿತು. ಕೇಂದ್ರ ಸಂಪುಟಕ್ಕೆ ವಿಷಯ ತಿಳಿದದ್ದೇ ಮರುದಿನ ಬೆಳಗ್ಗೆ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾಗಿ ಅಲ್ಲಿನ ಸೆಂಟ್ರಲ್ ಜೈಲು ಸೇರಿದರು. ಜನ ಎದ್ದು ರೇಡಿಯೊ ಹಾಕುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗಡಿಯ ಈಚೆ ಗಾಳಿ ಸ್ವಲ್ಪ ಬೇರೆ. ಸೆನ್ಸಾರ್, ವಿಚಾರಣೆಯಿಲ್ಲದೆ ಬಂಧಿಸುವ ಮೀಸಾ ಎಲ್ಲ ಕೇಂದ್ರದ ಕಾನೂನು, ತಮಿಳುನಾಡಿಗೂ ಅನ್ವಯ. ಆದರೆ ಕರುಣಾನಿಧಿಯವರ ಡಿಎಂಕೆ ಸರ್ಕಾರ ತುರ್ತು ಪರಿಸ್ಥಿತಿಯನ್ನು ವಿರೋಧಿಸಿತ್ತು, ಅದರ ಪೊಲೀಸರು ವಿರೋಧಿಗಳ ಮನೆ ಹುಡುಕಿಕೊಂಡು ಹೊರಟಿರಲಿಲ್ಲ. ಹಾಗಾಗಿ ಒಂದೇ ದೇಶದ ಒಂದೇ ಹೆದ್ದಾರಿಯಲ್ಲಿ ಸ್ವಾತಂತ್ರ್ಯದ ಅಳತೆ ಅತ್ತಿಬೆಲೆಯ ಆಚೆ ಒಂದು, ಈಚೆ ಇನ್ನೊಂದು. ಅದೂ ಏಳು ತಿಂಗಳು ಮಾತ್ರ. 1976ರ ಜನವರಿ 31ರಂದು ಆ ಸರ್ಕಾರ ವಜಾ ಆಯಿತು, ಬಂಧನಗಳು ಶುರುವಾದವು. ಒಳಗೆ ಹೋದವರಲ್ಲಿ ಕರುಣಾನಿಧಿಯವರ ಮಗ ಸ್ಟಾಲಿನ್ ಇದ್ದರು. ಜೈಲಿನಲ್ಲಿ ಪೆಟ್ಟು ತಿಂದ ಡಿಎಂಕೆ ಸಂಸದ ಚಿಟ್ಟಿಬಾಬು ಚೇತರಿಸಿಕೊಳ್ಳಲೇ ಇಲ್ಲ.

ಹಾಂಗ್‌ಕಾಂಗ್ ಜನರನ್ನು ಕೆರಳಿಸಿದ್ದೂ ಇಂಥದೇ ಒಂದು ಗಡಿ. 1997ರಲ್ಲಿ ಬ್ರಿಟನ್ ಬಿಟ್ಟುಕೊಟ್ಟಾಗ ಅಲ್ಲಿನ ಜೀವನಕ್ರಮ 50 ವರ್ಷ ಬದಲಾಗುವುದಿಲ್ಲ ಎಂಬ ಮಾತಿತ್ತು. 2019ರಲ್ಲಿ ಬಂದ ಗಡೀಪಾರು ಮಸೂದೆ, ಆರೋಪಿಯನ್ನು ವಿಚಾರಣೆಗೆ ಚೀನಾದ ಮುಖ್ಯಭೂಮಿಗೆ ಕಳಿಸಲು ದಾರಿ ಮಾಡುತ್ತಿತ್ತು. ಗಡಿ ದಾಟಿದ ಮೇಲೆ ವಕೀಲ ಯಾರು, ಕೋರ್ಟು ಯಾವುದು? ಹೊಟ್ಟೆ ತುಂಬಿದವರೇ ಈ ಪ್ರಶ್ನೆ ಹಿಡಿದು ಬೀದಿಗಿಳಿದರು. ಮಸೂದೆ ವಾಪಸಾಯಿತು, ಆದರೆ 2020ರ ಜೂನ್ 30ರಂದು ಬೀಜಿಂಗ್‌ನಿಂದಲೇ ರಾಷ್ಟ್ರೀಯ ಭದ್ರತಾ ಕಾನೂನು ಬಂತು.

ದಕ್ಷಿಣ ಕೊರಿಯಾದಲ್ಲಿ ಹಾಗಾಗಲಿಲ್ಲ. 2024ರ ಡಿಸೆಂಬರ್ 3ರ ರಾತ್ರಿ ಹತ್ತೂವರೆ ಸುಮಾರಿಗೆ ಅಧ್ಯಕ್ಷ ಯೂನ್ ಸುಕ್ ಯೋಲ್ ಟೀವಿಯಲ್ಲಿ ಬಂದು ಸೇನಾ ಆಡಳಿತ ಸಾರಿದರು. ರಾಜಕೀಯ ಚಟುವಟಿಕೆಗೆ ನಿಷೇಧ, ಮಾಧ್ಯಮ ಸೇನೆಯ ಹಿಡಿತಕ್ಕೆ. ಆದರೆ ಅಲ್ಲಿನ ಸಂವಿಧಾನದ 77ನೇ ವಿಧಿಯಲ್ಲಿ ಒಂದು ಕೀಲಿಯಿತ್ತು: ಸಂಸತ್ತಿನ ಬಹುಮತ ಕೇಳಿದರೆ ಆದೇಶ ತೆಗೆಯಲೇಬೇಕು. 300 ಸದಸ್ಯರ ಅರ್ಧಕ್ಕಿಂತ ಹೆಚ್ಚು ಮಂದಿ ಒಳಗೆ ಸೇರಬೇಕು, ಅದೂ ಸೈನಿಕರು ಸಭಾಂಗಣಕ್ಕೆ ನುಗ್ಗುವ ಮುಂಚೆ. ಚಳಿಯಲ್ಲಿ ಜನ ಸಂಸತ್ತಿನ ಗೇಟಿನತ್ತ ಓಡಿದರು, ಸೇನೆಯ ವಾಹನಗಳಿಗೆ ಅಡ್ಡ ನಿಂತರು. 67 ವರ್ಷದ ಸ್ಪೀಕರ್ ವೂ ವೋನ್ ಶಿಕ್ ಬೇಲಿ ಹತ್ತಿ ಇಳಿದರು. ಸೈನಿಕರು ಕಿಟಕಿ ಒಡೆದು ಬಂದರೆ, ಒಳಗಿನ ಸಿಬ್ಬಂದಿ ಮೇಜು ಕುರ್ಚಿ ಅಡ್ಡ ಒಟ್ಟಿ ಬೆಂಕಿ ಆರಿಸುವ ಸಿಲಿಂಡರ್‌ನಿಂದ ಪುಡಿ ಎರಚಿದರು. ರಾತ್ರಿ ಒಂದರ ಸುಮಾರಿಗೆ ಹಾಜರಿದ್ದ 190 ಮಂದಿಯೂ ಆದೇಶದ ವಿರುದ್ಧ ಮತ ಹಾಕಿದರು. ಬೆಳಗಿನ ಜಾವಕ್ಕೆ ಸೇನಾ ಆಡಳಿತ ಹೋಯಿತು. 2025ರ ಏಪ್ರಿಲ್ 4ರಂದು ಯೂನ್ ಕುರ್ಚಿಯೂ ಹೋಯಿತು.

ಜನ ಅಷ್ಟು ಬೇಗ ಹೇಗೆ ಎದ್ದರು? 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಸೇನೆ ನಡೆಸಿದ ನರಮೇಧವನ್ನು ಅವರು ಮರೆಯಲು ಬಿಟ್ಟಿಲ್ಲ. ಮೇ 18 ಅಲ್ಲಿ ಸರ್ಕಾರವೇ ಆಚರಿಸುವ ಸ್ಮರಣೆಯ ದಿನ. ಆ ಕಥೆಯನ್ನು ಕಾದಂಬರಿಯಾಗಿಸಿದ ಹಾನ್ ಕಾಂಗ್ ನೊಬೆಲ್ ಪಡೆದದ್ದು ಸೇನಾ ಆಡಳಿತ ಸಾರಿದ ಅದೇ ಡಿಸೆಂಬರ್‌ನಲ್ಲಿ. ಕಳೆದುಕೊಂಡರೆ ಏನಾಗುತ್ತದೆಂದು ಮನೆಯಲ್ಲಿ ಕೇಳಿ ಬೆಳೆದವರು ಆದೇಶ ಪೂರ್ತಿ ಜಾರಿಯಾಗಲಿ ಎಂದು ಕಾಯುತ್ತಾ ಕೂರುವುದಿಲ್ಲ.

ನಮ್ಮ ನೆನಪು ಅಷ್ಟು ಗಟ್ಟಿಯಿಲ್ಲ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಆಸ್ತಮಾ ಇಟ್ಟುಕೊಂಡೇ ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ನರಳಿದರು. ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಕ್ಕೆ, 1977ರ ಜನವರಿ 20ರಂದು, ತೀರಿಕೊಂಡರು. ಅದಾದ ಎರಡೇ ತಿಂಗಳಿಗೆ ಉತ್ತರ ಭಾರತ ಇಂದಿರಾ ಸರ್ಕಾರವನ್ನು ಕಿತ್ತೆಸೆದರೆ, ಕರ್ನಾಟಕ 28ರಲ್ಲಿ 26 ಸ್ಥಾನ ಕಾಂಗ್ರೆಸ್‌ಗೇ ಕೊಟ್ಟಿತು. ತಮಿಳುನಾಡಿನಲ್ಲೂ ಗೆದ್ದದ್ದು ಕಾಂಗ್ರೆಸ್ ಇದ್ದ ಕೂಟವೇ. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಉತ್ತರದಷ್ಟು ಇಲ್ಲಿ ತಟ್ಟಿರಲಿಲ್ಲ, ಕರ್ನಾಟಕದಲ್ಲಿ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ಕೈಗೆ ಸಿಕ್ಕಿತ್ತು. ಬೀದಿಗ್ಯಾಕೆ ಎಂಬ ನಮ್ಮ ಪ್ರಶ್ನೆಯ ಬೇರು ಅಲ್ಲಿರಬಹುದೆಂದು ನನ್ನ ಗುಮಾನಿ.

ನಮಗಾಗಿ ಕೂಗಿದವರು ಹೊರಗೂ ಇದ್ದರು. ಮಂಗಳೂರಿನ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ 1976ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಸೆರೆಯಾದಾಗ ಅವರ ಜೀವದ ಬಗ್ಗೆ ದನಿ ಎತ್ತಿದ ನಾಯಕರು ಜರ್ಮನಿಯ ವಿಲಿ ಬ್ರಾಂಟ್, ಸ್ವೀಡನ್ನಿನ ಓಲೋಫ್ ಪಾಲ್ಮೆ, ಆಸ್ಟ್ರಿಯಾದ ಬ್ರೂನೋ ಕ್ರೈಸ್ಕಿ. ಅಮೆರಿಕ, ಬ್ರಿಟನ್‌ನಲ್ಲಿದ್ದ ಭಾರತೀಯರೂ ಮೆರವಣಿಗೆ ತೆಗೆದರು.

ದೇಶದೊಳಗೆ, ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಬಂಧಿತರು ಹಾಕಬಹುದೆಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪು ರದ್ದಾಗಲು 2017 ಬರಬೇಕಾಯಿತು, ಅದೂ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ. ವಾಜಪೇಯಿ, ಸ್ನೇಹಲತಾ ಇದ್ದ ಬೆಂಗಳೂರಿನ ಹಳೇ ಜೈಲು ಈಗ ಫ್ರೀಡಂ ಪಾರ್ಕ್. ನಗರದಲ್ಲಿ ಧರಣಿ, ಪ್ರತಿಭಟನೆಗೆ ಸರ್ಕಾರ ಗೊತ್ತುಮಾಡಿರುವ ಜಾಗವೂ ಅದೇ.